ಹಿಂಡಿನ ಮುಖಗಳನ್ನು ಕಲಿತ ಚಳಿಗಾಲ

ಶಿವಲೀಲಾ, ಮಾಳು,

ಹೋದ ತಿಂಗಳು ನೀವಿಬ್ಬರೂ ನನ್ನನ್ನು ಐಹೊಳೆಗೆ ಕರೆದುಕೊಂಡು ಹೋಗಿದ್ದಿರಿ. ಮಾಳು ಕಂಬದ ಮೇಲಿನ ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆಯುತ್ತಿದ್ದ. ನನಗೆ ಮೊಣಕಾಲು ನೋವು, ಗುಡಿಯ ಹಿಂದಿನ ಕಟ್ಟೆಯ ಮೇಲೆ ಕುಳಿತುಬಿಟ್ಟಿದ್ದೆ. ಆಗ ಬೇಲಿಯ ಆಚೆ ಒಂದು ಕುರಿ ಹಿಂಡು ಹಾದು ಹೋಯಿತು. ಕುರಿ ಕಾಣುವ ಮೊದಲೇ ಅದರ ವಾಸನೆ ಬಂತು. ಇಬ್ಬನಿಯಲ್ಲಿ ನೆಂದ ಉಣ್ಣೆ, ಹಿಕ್ಕೆ, ಹಾಲು, ತುಳಿದ ಹುಲ್ಲು, ಎಲ್ಲ ಸೇರಿದ ವಾಸನೆ. ನಿಮಗೆ ಅದು ಒಗ್ಗಲಿಲ್ಲ, ಮಾಳು ಮೂಗು ಮುಚ್ಚಿಕೊಂಡ. ನನಗೆ ನಗು ಬಂತು.

ಶಿವಲೀಲಾ, ನೀನು ಅದನ್ನು ನೋಡಿಬಿಟ್ಟೆ. ‘ಆಯಿ, ಒಬ್ಬಾಕಿನ ಕುಂತು ಯಾಕ ನಗಾಕತ್ತಿ? ಮುತ್ತ್ಯಾ ಹೋದ ಮ್ಯಾಲೂ ನೀ ಹೆಂಗ ಇಷ್ಟು ಖುಷಿಲೆ ಇರ್ತಿ?’ ಎಂದು ಕೇಳಿದೆ. ಕೇಳಿದ್ದು ಚೇಷ್ಟೆಯ ದನಿಯಲ್ಲಿ. ನಿನ್ನ ಮುಖದಲ್ಲಿ ಮಾತ್ರ ಚೇಷ್ಟೆ ಇರಲಿಲ್ಲ. ಈ ವರ್ಷ ನಿನಗೆ ಹಗುರವಾಗಿ ಹೋಗಲಿಲ್ಲವೆಂದು ನನಗೆ ಗೊತ್ತು, ನೀನು ಹೇಳದಿದ್ದರೂ.

ನಾನು ಆಗ ಉತ್ತರ ಕೊಡಲಿಲ್ಲ. ಎದುರಿಗೆ ಕುಳಿತು ಇಂಥ ಮಾತು ಆಡುವುದು ನನಗೆ ಮೊದಲಿನಿಂದಲೂ ಬರುವುದಿಲ್ಲ. ಬರೆದರೆ ಕೈ ಅಷ್ಟು ನಾಚುವುದಿಲ್ಲ. ಹಳ್ಳಿಯ ಸಾಲೆಯಲ್ಲಿ ಏಳನೆಯ ಇಯತ್ತೆಯ ತನಕ ಕಲಿತವಳು ನಾನು. ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ನಮ್ಮ ಮನೆತನದ್ದು ಕುರಿಯ ಬಾಳು. ಬೀರಪ್ಪನ ಒಕ್ಕಲು. ಹುನಗುಂದದ ಹತ್ತಿರದ ನಮ್ಮೂರಿನಿಂದ ದೀಪಾವಳಿ ಮುಗಿದ ಕೂಡಲೇ ಹಿಂಡು ಹೊಳೆಯ ದಂಡೆಯ ಕಡೆಗೆ ಹೊರಡುತ್ತಿತ್ತು. ಸಜ್ಜೆ ಕೊಯ್ದ ಹೊಲ, ಶೇಂಗಾ ಕಿತ್ತ ಹೊಲ, ಒಂದೊಂದರಲ್ಲೂ ನಾಲ್ಕಾರು ರಾತ್ರಿ ಕುರಿ ಮಲಗಿಸುವುದು. ಕುರಿಯ ಗೊಬ್ಬರ ಹೊಲಕ್ಕೆ, ಹೊಲದವರ ಜೋಳ ನಮಗೆ. ಎಳ್ಳಮಾಸಿಯ ಅಮಾವಾಸ್ಯೆ ದಾಟುವ ತನಕ ಹೀಗೆ ಮನೆಯಿಲ್ಲದೆ ತಿರುಗುವುದು.

ನಾನು ಹೇಳುತ್ತಿರುವ ವರ್ಷ ನನ್ನ ಮದುವೆಯಾಗಿ ಎರಡು ವರ್ಷವಾಗಿತ್ತು. ಆ ಬೇಸಿಗೆಯಲ್ಲಿ ನನ್ನ ಚೊಚ್ಚಲ ಹೆರಿಗೆ. ವಾಡಿಕೆಯಂತೆ ತವರಿಗೆ, ಕಲಾದಗಿಗೆ ಹೋಗಿದ್ದೆ. ಹೆಣ್ಣು ಕೂಸು. ಹನ್ನೊಂದು ದಿನ ಇತ್ತು. ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕಿ ಹೆಸರಿಡಬೇಕೆಂದು ಅಣ್ಣ ಬೆಲ್ಲ, ಪುಟಾಣಿ ಕಡಲೆ ತಂದಿಟ್ಟಿದ್ದ. ಹೆಸರಿಡುವ ಮೊದಲೇ ಕೂಸು ಹೋಯಿತು. ಕೂಸಿನ ಅಪ್ಪ, ನಿಮ್ಮ ಮುತ್ತ್ಯಾ, ಅದನ್ನು ನೋಡಿದ್ದು ಒಂದೇ ಸಲ.

ಅದಾದ ಮೇಲೆ ನಾನು ಮಾತು ಬಿಟ್ಟೆ. ಹಟದಿಂದ ಬಿಟ್ಟದ್ದಲ್ಲ. ಬಾಯಿಯ ತನಕ ಬಂದದ್ದು ಅಲ್ಲೇ ನಿಲ್ಲುತ್ತಿತ್ತು. ಗಂಡನ ಮನೆಗೆ ಮರಳಿ ಬಂದರೂ ಹಾಗೆಯೇ. ಒಲೆಯ ಮುಂದೆ ಕುಳಿತರೆ ರೊಟ್ಟಿ ಹತ್ತುವ ತನಕ ಹಂಚನ್ನೇ ನೋಡುತ್ತ ಕೂರುತ್ತಿದ್ದೆ. ಪಕ್ಕದ ಮನೆಗಳಲ್ಲಿ ಕೂಸು ಅತ್ತರೆ ಎದ್ದು ಒಳಗಿನ ಕೋಣೆಗೆ ಹೋಗುತ್ತಿದ್ದೆ. ಅಳು ಕೇಳಿಸದಂತೆ ಇರುವುದನ್ನು ಹೇಗೋ ರೂಢಿ ಮಾಡಿಕೊಂಡೆ.

ದೀಪಾವಳಿಯಾಗಿ ಹಿಂಡು ಹೊರಡುವ ದಿನ ಬಂತು. ನಿಮ್ಮ ಮುತ್ತ್ಯಾ ನನ್ನನ್ನೂ ಕರೆದುಕೊಂಡು ಹೋಗೋಣವೆಂದರು. ಅತ್ತೆ ಬಾಳವ್ವ ಒಪ್ಪಲಿಲ್ಲ. ಅವರು ಕೆಟ್ಟವರಲ್ಲ, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಹಿಂಡನ್ನು ಉಳಿಸಿಕೊಂಡು ಬಂದವರು. ಹೊಲದಲ್ಲಿ ತಲೆಯ ಮೇಲೆ ಕೈ ಹೊತ್ತು ಕುಳಿತವರನ್ನು ಸಾಕುವುದಕ್ಕೆ ಆಗುವುದಿಲ್ಲ ಎಂದರು. ತಾಯಿ ಮಗ ಬಹಳ ಹೊತ್ತು ಮಾತಾಡಿದ ಮೇಲೆ ಅತ್ತೆ ನನ್ನ ಕಡೆ ತಿರುಗಿದರು.

‘ಬಾ. ಒಂದು ಕೆಲಸ ನಿನಗ ಒಪ್ಪಸ್ತೀನಿ. ಅದು ಕೆಟ್ಟಿತಂದ್ರ ಮರುದಿನಾನ ಕಲಾದಗಿ ಬಸ್ಸು. ನಿಮ್ಮಣ್ಣನ ಮನ್ಯಾಗ ಕುಂತು ಅಳು.’

ಅಣ್ಣನ ಮನೆಯೆಂದರೆ ಆ ಕೋಣೆ, ಆ ಬಾಣಂತಿ ಮಂಚ. ಹೀಗೆ ತವರಿಗೆ ಕಳುಹಿಸಿದ ಸೊಸೆಯಂದಿರನ್ನು ಮರಳಿ ಕರೆಸಿಕೊಂಡದ್ದು ನಮ್ಮ ಕಡೆ ಕಡಿಮೆ. ಆ ಕೋಣೆಗೆ ಹೋದರೆ ನಾನು ಎದ್ದು ಬರುವುದಿಲ್ಲ ಎಂಬುದು ನನಗೆ ಖಾತ್ರಿ ಇತ್ತು.

ಹೊರಟೆವು. ಕುದುರೆಯ ಬೆನ್ನಿಗೆ ಪಾತ್ರೆ, ಕಂಬಳಿ, ಜೋಳದ ಹಿಟ್ಟು, ಅದರ ಮೇಲೆ ಕಾಲು ಕಟ್ಟಿದ ಎರಡು ಕೋಳಿ. ಅಮೀನಗಡ ದಾಟಿ ಮೂರನೆಯ ದಿನ ಐಹೊಳೆಯ ಹೊಲಕ್ಕೆ ಬಂದೆವು. ಈಗಿನ ಬೇಲಿ, ಟಿಕೀಟು, ಹುಲ್ಲಿನ ಅಂಗಳ ಆಗ ಇರಲಿಲ್ಲ. ಗುಡಿಗಳ ನಡುವೆಯೇ ಮನೆ, ಮನೆಗಳ ನಡುವೆಯೇ ದನ. ಊರ ಹೊರಗಿನ ಒಂದು ಪಾಳು ಗುಡಿಯ ಪಡಸಾಲೆಯಲ್ಲಿ ನಮ್ಮ ಒಲೆ ಹೂಡಿದೆವು. ಅದರ ಮುಂದಿನ ಹೊಲದಲ್ಲಿ ಬಲೆ ಕಟ್ಟಿ ಕುರಿಗಳಿಗೆ ಹಟ್ಟಿ ಮಾಡಿದೆವು. ನಾಲ್ಕಾರು ರಾತ್ರಿಗೊಮ್ಮೆ ಬಲೆಯನ್ನು ಪಕ್ಕದ ಹೊಲಕ್ಕೆ ಸರಿಸಿದರೂ ಒಲೆ ಆ ಚಳಿಗಾಲವೆಲ್ಲ ಅಲ್ಲಿಯೇ. ಹೋದ ತಿಂಗಳು ನಾನು ಕುಳಿತಿದ್ದ ಕಟ್ಟೆಯಿಂದ ಆ ಪಾಳು ಗುಡಿ ಕೂಗಳತೆಯ ದೂರ.

ಆ ಬೆಳಗುಗಳನ್ನು ಏನೆಂದು ಬರೆಯಲಿ? ಎದ್ದರೆ ಲೋಕವೇ ಇರುತ್ತಿರಲಿಲ್ಲ. ಹೊಳೆಯಿಂದ ಮಂಜು ಎದ್ದು ಹೊಲ, ಗುಡಿ, ಕುರಿ ಎಲ್ಲ ಒಂದೇ ಬಿಳುಪಾಗಿರುತ್ತಿತ್ತು. ಅದರೊಳಗಿಂದ ಮೊದಲು ಕುರಿಯ ಕೆಮ್ಮು ಕೇಳುತ್ತಿತ್ತು, ಆಮೇಲೆ ಕುದುರೆಯ ಕಿವಿ ಕಾಣುತ್ತಿತ್ತು, ಆಮೇಲೆ ಗುಡಿಯ ಕೆಂಪು ಕಲ್ಲು ಒಂದೊಂದು ಸಾಲಾಗಿ ಮೇಲೇಳುತ್ತಿತ್ತು. ಬಿಸಿಲು ಬಂದಾಗ ದೂರದ ಕುಸುಬೆ ಹೊಲ ಹಳದಿಯಾಗಿ ಉರಿಯುತ್ತಿತ್ತು. ಕುರಿಯ ಹಾಲಿನ ಚಹಾ ಹಿತ್ತಾಳೆ ಚರಿಗೆಯಲ್ಲಿ ಕುದಿಯುತ್ತಿತ್ತು. ಆದರೆ ಆಗ ನಾನು ಇದನ್ನೆಲ್ಲ ನೋಡಿರಲಿಲ್ಲ. ಕಣ್ಣ ಮುಂದೆ ಹಾದುಹೋಯಿತು, ಅಷ್ಟೆ. ನೋಡಿದ್ದು ಆಮೇಲೆ.

ನನಗೆ ಒಪ್ಪಿಸಿದ ಕೆಲಸ ಸಂಜೆಯದು. ನಿಮ್ಮ ಮುತ್ತ್ಯಾ ಹಿಂಡನ್ನು ಬಲೆಯ ಬಾಯಿಗೆ ತಂದುಬಿಟ್ಟು ಹೊಳೆಗೆ ನೀರು ತರಲು ಹೋಗುವರು. ಕುರಿ ಒಂದೊಂದಾಗಿ ಒಳಗೆ ಹೋಗುವಾಗ ನಾನು ನಿಂತು ನೋಡಬೇಕು, ಯಾವುದು ಬಂತು, ಯಾವುದು ಬರಲಿಲ್ಲ ಎಂದು. ನಮ್ಮವರು ಕುರಿಯನ್ನು ಎಣಿಸುವುದಿಲ್ಲ. ಎಣಿಸಿದರೆ ದೃಷ್ಟಿ ತಾಗುತ್ತದೆಂದು ಹಿರಿಯರ ನಂಬಿಕೆ. ಮುಖ ನೋಡಿ ಹೆಸರು ಹೇಳುವುದು. ಬಿಳಿಹಣಿ ಬಂತು, ಮುರಕಗೊಂಬಿ ಬಂತು, ಕರಿಗಣ್ಣಿ ಬಂತು. ಹೆಸರು ಹೇಳದೆ ಉಳಿದ ಮುಖ ನೆನಪಿಗೆ ಬಂದರೆ ಅದು ಬಂದಿಲ್ಲ ಎಂದರ್ಥ. ಇಷ್ಟು ವರ್ಷ ಅತ್ತೆಯೇ ಮಾಡಿದ ಕೆಲಸ ಅದು. ನನಗೆ ಯಾಕೆ ಬಿಟ್ಟುಕೊಟ್ಟರೋ ತಿಳಿಯಲಿಲ್ಲ. ಮೊದಲ ನಾಲ್ಕು ದಿನ ಪಕ್ಕದಲ್ಲಿ ಕುಳಿತು, ಒಂದೊಂದರ ಮುಖ ಸವರುತ್ತ ಹೆಸರು ಕಲಿಸಿದರು. ನಾನು ತಲೆ ಆಡಿಸಿದೆ.

ನನಗೆ ಒಂದೂ ಗೊತ್ತಾಗಿರಲಿಲ್ಲ. ಎಲ್ಲ ಮುಖವೂ ಒಂದೇ ಆಗಿತ್ತು. ಕೇಳೋಣವೆಂದರೆ ನಾಚಿಕೆ, ಅಂಜಿಕೆ. ಅತ್ತೆಯ ಮುಂದೆ ದನಿ ತೆಗೆದು ‘ಮುರಕಗೊಂಬಿ’ ಎನ್ನುವುದು ನನ್ನಿಂದ ಆಗದ ಮಾತು. ಆದರೆ ಸಾಲೆ ಕಲಿತವಳಲ್ಲವೇ, ಲೆಕ್ಕ ಬರುತ್ತಿತ್ತು. ಸೆರಗಿನ ಮರೆಯಲ್ಲಿ ಬೆರಳು ಮಡಚಿ ಎಣಿಸತೊಡಗಿದೆ. ಅತ್ತೆ ಪಕ್ಕದಲ್ಲಿದ್ದ ದಿನಗಳಲ್ಲಿ ಎಣಿಸಿದ್ದು ತೊಂಬತ್ತಾರು, ಅಷ್ಟು ಆದರೆ ಬಲೆಯ ಬಾಯಿ ಕಟ್ಟುತ್ತಿದ್ದೆ. ಅತ್ತೆ ಒಲೆಯ ಹತ್ತಿರದಿಂದ ಕೇಳಿದರೆ ‘ಎಲ್ಲಾ ಬಂದಾವ್ರಿ’ ಎನ್ನುತ್ತಿದ್ದೆ. ದಿನದಲ್ಲಿ ನಾನು ಆಡುತ್ತಿದ್ದ ಮಾತು ಅದೊಂದೇ. ಹದಿನೈದು ದಿನ ಹೀಗೆ ನಡೆಯಿತು.

ಒಂದು ದಿನ ಕಲಾದಗಿ ಕಡೆಯ ಯಲ್ಲಪ್ಪಜ್ಜನ ಹಿಂಡು ಹೊಳೆಗೆ ಬಂದಿತ್ತು. ಎರಡೂ ಹಿಂಡು ಒಂದೇ ಕಡೆ ನೀರು ಕುಡಿದವು, ಕೂಡಿಕೊಂಡವು, ಆಮೇಲೆ ಅವರವರು ಸೀಟಿ ಹಾಕಿ ಬೇರೆ ಮಾಡಿಕೊಂಡರು. ಸಂಜೆ ನಾನು ಎಣಿಸಿದೆ. ತೊಂಬತ್ತಾರು. ಬಲೆ ಕಟ್ಟಿ, ಬುಟ್ಟಿ ಎತ್ತಿ ಎಳೆಯ ಮರಿಗಳನ್ನು ತಾಯಂದಿರಿಗೆ ಬಿಟ್ಟೆ. ಎಳೆಯ ಮರಿಗಳು ಹಗಲೆಲ್ಲ ಹಟ್ಟಿಯಲ್ಲೇ ಬುಟ್ಟಿಯ ಕೆಳಗೆ ಇರುತ್ತವೆ, ಸಂಜೆಗೆ ತಾಯಿ ಬಂದ ಮೇಲೆಯೇ ಹಾಲು. ಒಂದು ಮರಿ ಅಲ್ಲಿಂದ ಇಲ್ಲಿಗೆ ಓಡುತ್ತಿತ್ತು, ಯಾವ ಕುರಿಯೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಅತ್ತೆ ಯಾವ ಮರಿ ಅಳುತ್ತಿದೆಯೆಂದು ಕೇಳಿದರು. ನಾನು ತಿರುಗಿಯೂ ನೋಡಲಿಲ್ಲ. ಎಲ್ಲವೂ ಕುಡಿಯುತ್ತಿವೆ ಎಂದುಬಿಟ್ಟೆ. ಅಳು ಕೇಳದಂತೆ ಇರುವ ವಿದ್ಯೆ ನನಗೆ ಅಷ್ಟು ಚೆನ್ನಾಗಿ ಬಂದಿತ್ತು.

ಬೆಳಿಗ್ಗೆ ಮಂಜು ಕರಗುವ ಹೊತ್ತಿಗೆ ಅತ್ತೆ ಆ ಮರಿಯನ್ನು ಕಂಡರು. ಹೊಟ್ಟೆ ಬೆನ್ನಿಗೆ ಹತ್ತಿ ಒಂದು ಕಲ್ಲಿಗೆ ಒರಗಿ ನಿಂತಿತ್ತು. ಅದು ಚಂದ್ರಿಯ ಮರಿ. ಚಂದ್ರಿ ಹಟ್ಟಿಯಲ್ಲಿ ಇರಲಿಲ್ಲ. ಅದರ ಬದಲು ಬೇರೊಂದು ಕುರಿ ಇತ್ತು, ಕಿವಿಯ ಗುರುತು ನಮ್ಮದಲ್ಲ. ಹೊಳೆಯಲ್ಲಿ ನಮ್ಮದೊಂದು ಅತ್ತ ಹೋಗಿತ್ತು, ಅವರದೊಂದು ಇತ್ತ ಬಂದಿತ್ತು.

ಅತ್ತೆ ನನ್ನನ್ನು ಕರೆದು ಕೇಳಿದರು. ನಾನು ಎಣಿಸಿದೆನೆಂದು ಒಪ್ಪಿಕೊಂಡೆ.

ಅವರು ಕೂಗಾಡಲಿಲ್ಲ. ಮರಿಯನ್ನು ಎತ್ತಿ ಉಡಿಯಲ್ಲಿ ಹಾಕಿಕೊಂಡು, ‘ಲೆಕ್ಕ ಬರೋಬರಿ ಐತಿ. ಹಿಂಡು ಬರೋಬರಿ ಇಲ್ಲ’ ಎಂದರು. ಮರಿಯ ಬಾಯಿಗೆ ಬೆರಳು ಕೊಟ್ಟು ನೋಡಿ, ‘ಗಂಟು ಕಟ್ಟು’ ಎಂದರು.

ನಿಮ್ಮ ಮುತ್ತ್ಯಾ ಹೊಳೆದಂಡೆಯಲ್ಲಿ ತಾನೂ ಸರಿಯಾಗಿ ನೋಡಲಿಲ್ಲ, ತಪ್ಪು ತನ್ನದೂ ಇದೆ ಎಂದರು. ಕುರಿ ತರಲು ತಾನೇ ಹೋಗುತ್ತೇನೆ ಎಂದೂ ಅಂದರು. ಹಿಂಡನ್ನು ಬಿಟ್ಟು ಅವರು ಹೋದರೆ ಮೇಯಿಸುವವರು ಯಾರು? ಅತ್ತೆ ಒಲೆ ಊದುತ್ತಿದ್ದರು. ಆ ಮರಿ ಅವರ ಉಡಿಯಿಂದ ತಲೆ ಹೊರಹಾಕಿ ಅತ್ತಿತು. ಅಳುವುದಕ್ಕೂ ಅದಕ್ಕೆ ಶಕ್ತಿ ಇರಲಿಲ್ಲ. ಈ ಸಲ ನನಗೆ ಕೇಳಿಸಿತು.

‘ನಾ ಹೋಗ್ತೇನ್ರಿ’ ಎಂದೆ.

ಅತ್ತೆ ತಿರುಗಿ ನನ್ನ ಮುಖ ನೋಡಿದರು. ಮರಿಯನ್ನು ನನ್ನ ಉಡಿಗೆ ಹಾಕಿದರು. ಗಂಟಿನ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಪರರ ಕುರಿಗೆ ಹಗ್ಗ ಹಾಕಿ ಹಿಡಿದುಕೊಂಡು, ಮರಿಯನ್ನು ಉಡಿಯಲ್ಲಿ ಕಟ್ಟಿಕೊಂಡು, ಹೊಳೆಯ ದಂಡೆ ಹಿಡಿದು, ಯಲ್ಲಪ್ಪಜ್ಜನ ಹಿಂಡು ಹೋದ ಪಟ್ಟದಕಲ್ಲಿನ ಕಡೆಗೆ ನಡೆದೆ. ಒಂದು ಹರದಾರಿಗೂ ಹೆಚ್ಚಿತ್ತು. ಒಬ್ಬಳೇ ಅಷ್ಟು ದೂರ ನಡೆದದ್ದು ಅದೇ ಮೊದಲು. ಮರಿಯ ಬಿಸಿ ನನ್ನ ಹೊಟ್ಟೆಗೆ ತಾಗುತ್ತಿತ್ತು. ಅದು ಆಗಾಗ ಸುಮ್ಮನಾಗುತ್ತಿತ್ತು, ಆಗ ನಾನು ನಿಂತು ಅದರ ಮೂಗಿನ ಮುಂದೆ ಬೆರಳು ಹಿಡಿದು ನೋಡುತ್ತಿದ್ದೆ. ಹೊಳೆಯಲ್ಲಿ ನೀರು ಕಡಿಮೆ, ಬಂಡೆಗಳ ನಡುವೆ ಬಿಸಿಲು ಬಿದ್ದು ಹರಿಯುತ್ತಿತ್ತು. ಕಡಲೆ ಹೊಲದ ಹುಳಿ ಗಾಳಿ ಬಂತು. ಕಡಲೆ ಗಿಡಕ್ಕೆ ಆ ವಾಸನೆ ಇದೆ ಎಂಬುದು ಮರೆತೇಹೋಗಿತ್ತು.

ಯಲ್ಲಪ್ಪಜ್ಜ ಒಂದು ಜಾಲಿ ಗಿಡದ ಕೆಳಗೆ ಕುಳಿತಿದ್ದ. ಬಿಳಿ ಮೀಸೆಯ ಮುದುಕ, ಹೆಗಲ ಮೇಲೆ ಕಂಬಳಿ. ನನ್ನ ಕೈಯಲ್ಲಿದ್ದ ಕುರಿಯನ್ನು ನೋಡಿ, ತನ್ನದು ಎಂದು ಹಗ್ಗ ತೆಗೆದುಕೊಂಡ. ನಿಮ್ಮದು ನಮ್ಮಲ್ಲಿ ಇದೆ, ನಿನ್ನೆ ಸಂಜೆಯೇ ಕಂಡೆ, ಯಾರೂ ಯಾಕೆ ಬರಲಿಲ್ಲವೆಂದು ದಾರಿ ನೋಡುತ್ತಿದ್ದೇನೆ ಎಂದ. ಇನ್ನೂರು ಮುನ್ನೂರು ಕುರಿ ಹರಡಿಕೊಂಡು ಮೇಯುತ್ತಿದ್ದವು. ಅವುಗಳ ಕಡೆ ಕೈ ತೋರಿಸಿ, ‘ಯಾವ್ದು ನಿಮ್ದು? ಹಿಡ್ಕೊಂಡು ಹೋಗ ತಂಗಿ’ ಎಂದ.

ನಾನು ನಿಂತೆ. ನನಗೆ ಚಂದ್ರಿಯ ಮುಖ ಗೊತ್ತಿರಲಿಲ್ಲ. ಹದಿನೈದು ಸಂಜೆ ಅದು ನನ್ನ ಮುಂದೆಯೇ ಹಾದುಹೋಗಿತ್ತು.

ಅಜ್ಜ ಕಾದ. ಅವನ ಹತ್ತಿರ ಇನ್ನಿಬ್ಬರು ಗಂಡಸರು ಬೀಡಿ ಸೇದುತ್ತಿದ್ದರು. ಅವರೂ ನೋಡಿದರು. ಕುರಿ ಕಾಯುವ ಮನೆಯ ಸೊಸೆ ತನ್ನ ಕುರಿಯನ್ನು ಗುರುತಿಸಲಾರಳು ಎಂದರೆ ನಮ್ಮ ಜನರಲ್ಲಿ ಅದಕ್ಕಿಂತ ನಗೆಪಾಟಲು ಬೇರೆ ಇಲ್ಲ. ಅಜ್ಜನಿಗೆ ನನ್ನ ಸಂಕಟ ತಿಳಿದಿರಬೇಕು. ‘ಹೆಸರು ಗೊತ್ತೈತಿಲ್ಲೊ? ಕರಿ’ ಎಂದ.

ಬಾಯಿ ತೆರೆದೆ, ದನಿ ಬರಲಿಲ್ಲ. ಉಡಿಯಲ್ಲಿ ಮರಿ ಮಿಸುಕಿತು. ಮತ್ತೆ ತೆರೆದೆ.

‘ಚಂದ್ರೀ!’

ಅದು ನನ್ನ ದನಿ ಎಂದು ನನಗೇ ಅನಿಸಲಿಲ್ಲ. ಹೊಳೆಯ ಆಚೆಯ ಬಂಡೆಗೆ ತಾಗಿ ಮರಳಿ ಬಂತು. ಬೇಸಿಗೆಯಿಂದ ಒಳಗೆ ನಿಂತಿದ್ದದ್ದೆಲ್ಲ ಆ ಒಂದು ಹೆಸರಿನ ಜೊತೆ ಹೊರಗೆ ಬಂದಿತ್ತು. ಹಿಂಡಿನ ನಡುವೆ ಒಂದು ತಲೆ ಎದ್ದಿತು. ಮರಿ ಉಡಿಯಿಂದ ಕೂಗಿತು. ಆ ಕುರಿ ಉಳಿದವನ್ನೆಲ್ಲ ತಳ್ಳಿಕೊಂಡು ಓಡಿ ಬಂತು.

ಶಿವಲೀಲಾ, ಮಾಳು, ಆಗ ನಾನು ಅದರ ಮುಖ ನೋಡಿದೆ. ಹಣೆಯ ಮೇಲೆ ಬಿಳಿಯ ಅರೆಚಂದ್ರ. ಎಡಗಿವಿ ಮುಳ್ಳಿಗೆ ಸಿಕ್ಕು ಹರಿದದ್ದು. ತುಟಿಯ ಪಕ್ಕದಲ್ಲಿ ಒಂದು ನರಹುಲಿ. ಇಂಥ ಮುಖವನ್ನು ಇನ್ನೊಂದೆಂದು ತಿಳಿಯುವುದು ಹೇಗೆ ಸಾಧ್ಯವಿತ್ತು? ಮರಿಯನ್ನು ಕೆಳಗೆ ಬಿಟ್ಟೆ. ಮುಂಗಾಲು ಮಡಚಿ ಬಾಯಿ ಹಾಕಿತು, ಬಾಲ ನಡುಗತೊಡಗಿತು. ನಾನು ಅಲ್ಲೇ ಮಣ್ಣಿನಲ್ಲಿ ಕುಳಿತು ಅದರ ಬಾಲ ನೋಡುತ್ತ ನಕ್ಕೆ. ನಗುತ್ತ ಅತ್ತೆನೋ, ಅಳುತ್ತ ನಕ್ಕೆನೋ.

ಯಲ್ಲಪ್ಪಜ್ಜ ಗಂಭೀರ ಮುಖ ಮಾಡಿ, ‘ಎಂಥಾ ದನಿ ಯವ್ವಾ ನಿಂದು. ನಮ್ಮ ಟಗರು ಸುದ್ದಾ ತನ್ನ ಹೆಸರು ಚಂದ್ರಿ ಅಂತ ತಿಳದು ಎದ್ದು ನಿಂತಿತು’ ಎಂದ. ಬೀಡಿಯವರು ನಕ್ಕರು. ನನಗೆ ಸೆರಗು ಮುಖಕ್ಕೆ ಎಳೆದುಕೊಳ್ಳಬೇಕೆಂದು ಆಗ ನೆನಪಾಗಲಿಲ್ಲ. ಚಹಾ ಕೊಟ್ಟರು, ಕುಡಿದೆ. ಅಷ್ಟು ರುಚಿಯ ಚಹಾ ಆಮೇಲೆ ಎಲ್ಲಿಯೂ ಸಿಗಲಿಲ್ಲ.

ಮರಳುವಾಗ ಹಗ್ಗ ಬೇಕಾಗಲಿಲ್ಲ. ಚಂದ್ರಿ ಮರಿಯ ಹಿಂದೆ, ಮರಿ ನನ್ನ ಹಿಂದೆ. ಹೊಳೆಯ ನೀರು ನೀಲಿಯಿಂದ ತಾಮ್ರವಾಗುವ ತನಕ ಮೂವರೂ ನಿಧಾನ ನಡೆದೆವು. ದಾರಿಯುದ್ದಕ್ಕೂ ನಾನು ಮಾತಾಡುತ್ತಿದ್ದೆ. ಯಾರ ಜೊತೆ, ಏನು ಎಂದು ಕೇಳಬೇಡಿರಿ.

ಹಟ್ಟಿಗೆ ಬಂದಾಗ ಹಿಂಡು ಬಲೆಯ ಬಾಯಿಗೆ ಬಂದಿತ್ತು. ಅತ್ತೆ ನನ್ನ ಗಂಟನ್ನು ಪಡಸಾಲೆಯ ಕಂಬದ ಹತ್ತಿರ ಕಟ್ಟಿಟ್ಟಿದ್ದರು.  ಈಗ ಅವರು ಬಲೆಯ ಬಾಯಿಯಲ್ಲಿ ಒಬ್ಬರೇ ಕುಳಿತು, ಹಾದುಹೋಗುವ ಒಂದೊಂದು ಕುರಿಯ ಮುಖವನ್ನೂ ಎರಡೂ ಕೈಯಿಂದ ಹಿಡಿದು ಸವರಿ ನೋಡುತ್ತಿದ್ದರು. ಬೆಳಕು ಇನ್ನೂ ಇತ್ತು. ನಾನು ಎದುರಿಗೆ ಹೋಗಿ ನಿಂತರೂ ಅವರಿಗೆ ಗೊತ್ತಾಗಲಿಲ್ಲ. ನನಗೆ ಕೆಲಸ ಒಪ್ಪಿಸಿದ್ದು ಯಾಕೆಂದು ಆಗ ತಿಳಿಯಿತು.

‘ಚಂದ್ರಿ ಬಂತ್ರಿ’ ಎಂದೆ.

ಅವರ ಕೈ ನಿಂತಿತು. ನಾನು ಪಕ್ಕಕ್ಕೆ ಕುಳಿತು ಮುಂದಿನದನ್ನು ನೋಡಿದೆ. ಬಿಳಿಹಣಿ ಎಂದೆ. ಅವರು ಮುಟ್ಟಿ, ಅಲ್ಲ, ಇದು ಅದರ ಮಗಳು ಎಂದರು. ಮುರಕಗೊಂಬಿ ಎಂದೆ. ಹೌದು ಎಂದರು. ಎಷ್ಟೋ ತಪ್ಪಿದೆ. ಅವರು ತಿದ್ದಿದರು, ನಾನು ಮತ್ತೆ ಹೇಳಿದೆ. ಕಡೆಯ ಕುರಿ ಒಳಗೆ ಹೋದ ಮೇಲೆ ಬಲೆ ಕಟ್ಟಿದೆ.

‘ಸಂಜಿ ಆತಂದ್ರ ನನಗ ಎಲ್ಲಾ ಮಬ್ಬು, ಹಾಲವ್ವ. ನನ್ನ ಮಗಗ ಹೇಳಬ್ಯಾಡ, ಹಿಂಡು ಮಾರೂನು ಅಂತಾನ’ ಎಂದರು. ಎದ್ದು ನನ್ನ ಭುಜ ಹಿಡಿದುಕೊಂಡು ಪಡಸಾಲೆಯ ತನಕ ಬಂದರು. ‘ಆ ಗಂಟು ಬಿಚ್ಚು. ಹಿಟ್ಟಿನ ಜರಡಿ ಅದರಾಗ ಹೋಗೈತಿ.’

ಆಮೇಲಿನ ದಿನಗಳನ್ನು ಬೇರೆ ಬೇರೆಯಾಗಿ ಹೇಳಲಾರೆ, ಅವು ನೀರಿನಲ್ಲಿ ಬಿದ್ದ ಬಣ್ಣದ ಹಾಗೆ ಕೂಡಿಕೊಂಡಿವೆ. ದಿನಕ್ಕೆ ಹತ್ತು ಮುಖ ಕಲಿತೆ. ಮೊದಲು ಕುರಿ ಕಂಡವು, ಆಮೇಲೆ ಮಂಜು ಕಂಡಿತು, ಕುಸುಬೆ ಹೂವು, ನಿಮ್ಮ ಮುತ್ತ್ಯಾ ನೀರಿನ ಕೊಡ ಹೊತ್ತು ಬರುವಾಗ ಎಡಕ್ಕೆ ವಾಲುವುದು, ಅತ್ತೆ ರೊಟ್ಟಿ ಬಡಿಯುವಾಗ ಗುನುಗುವುದು. ಎಳ್ಳಮಾಸಿಯ ದಿನ ಹೊಲದವರು ಬೆಳೆಗೆ ಎಡೆ ಹಿಡಿದು ಚರಗ ಚೆಲ್ಲಲು ಕರೆದರು. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯ ಉಂಡು ಜೋಳದ ನೆರಳಿನಲ್ಲಿ ಮಲಗಿದೆವು. ತೆನೆಗಳ ನಡುವೆ ಆಕಾಶ ಚೂರು ಚೂರಾಗಿ ತೂಗುತ್ತಿತ್ತು. ನಿಮ್ಮ ಮುತ್ತ್ಯಾ ಏನೋ ಕೇಳಿದರು, ನಾನು ಏನೋ ಹೇಳಿದೆ, ಇಬ್ಬರೂ ನಕ್ಕೆವು. ಏನು ಎಂಬುದು ಮರೆತಿದೆ. ನಕ್ಕದ್ದು ಮರೆತಿಲ್ಲ.

ಮುಂದೆ ನಿಮ್ಮಪ್ಪ ಹುಟ್ಟಿದ, ಅತ್ತೆ ತೀರಿಕೊಂಡರು, ಹಿಂಡು ಕಡಿಮೆಯಾಗುತ್ತ ಬಂತು, ನಾವು ಬಾಗಲಕೋಟೆಗೆ ಬಂದೆವು. ನಿಮ್ಮ ಮುತ್ತ್ಯಾ ಹೋದ ಮೇಲೆ ಬಂದವರೆಲ್ಲ ಎಷ್ಟು ವರ್ಷವಾಯಿತು ಎಂದು ಕೇಳುತ್ತಾರೆ. ಮೊದಮೊದಲು ನಾನೂ ಎಣಿಸುತ್ತಿದ್ದೆ. ಎಣಿಸಿದಷ್ಟೂ ಎದೆ ಭಾರವಾಗುತ್ತಿತ್ತು. ಈಗ ಸಂಜೆ ಬಾಗಿಲಲ್ಲಿ ಕುಳಿತರೆ ದಿನಗಳನ್ನು ಒಂದೊಂದಾಗಿ ಒಳಗೆ ಬಿಟ್ಟುಕೊಳ್ಳುತ್ತೇನೆ. ಚಹಾ ಕುಡಿದ ದಿನ ಬಂತು. ಜೋಳದಲ್ಲಿ ಮಲಗಿದ ದಿನ ಬಂತು. ಅವರು ಇಳಕಲ್ಲಿನ ಸೀರೆ ತಂದು, ಕೊಡಲು ನಾಚಿ ಕುದುರೆಯ ಬೆನ್ನ ಮೇಲೆ ಇಟ್ಟು ಹೋದ ದಿನ ಬಂತು. ಶಿವಲೀಲಾ, ನೀನು ಮೊದಲ ಸಲ ‘ಆಯಿ’ ಎಂದ ದಿನ ಬಂತು. ಒಂದೊಂದರ ಮುಖವನ್ನೂ ನೋಡಿ ಒಳಗೆ ಬಿಡುತ್ತೇನೆ. ಯಾವುದಾದರೂ ಬರಲಿಲ್ಲವೆಂದರೆ ಕಾಯುತ್ತೇನೆ, ನಾಳೆ ಬರುತ್ತದೆ. ಹೆಂಗ ಖುಷಿಲೆ ಇರ್ತಿ ಎಂದು ಕೇಳಿದೆಯಲ್ಲ, ನನ್ನಲ್ಲಿರುವುದು ಇಷ್ಟೇ. ದುಃಖ ಹೋಗುವುದಿಲ್ಲ ಮಗಳೇ. ಅದೂ ಹಿಂಡಿನ ಜೊತೆಗೇ ಮಲಗುತ್ತದೆ. ನಿನ್ನ ಹಟ್ಟಿಯಲ್ಲಿಯೂ ಒಳ್ಳೆಯ ದಿನಗಳಿವೆ, ನಾನೇ ಕಂಡಿದ್ದೇನೆ. ಹೆಸರು ಹಿಡಿದು ಕರೆದು ನೋಡು.

ಇನ್ನೊಂದು ಮಾತು ಇದೆ. ನಿಮ್ಮಪ್ಪನಿಗೂ ನಾನು ಹೇಳಿಲ್ಲ.

ಆ ಕೂಸಿನ ಬಗ್ಗೆ ಯಾರು ಕೇಳಿದರೂ ಹನ್ನೊಂದು ದಿನ ಇತ್ತು ಎಂದಷ್ಟೇ ಹೇಳುತ್ತಿದ್ದೆ. ಲೆಕ್ಕ ಬರೋಬರಿ ಇತ್ತು. ಮುಖ ಮಾತ್ರ ಕಣ್ಣಿಗೆ ಬರುತ್ತಿರಲಿಲ್ಲ. ಆ ಎಳ್ಳಮಾಸಿಯ ಸಂಜೆ, ಬಲೆಯ ಬಾಯಿ ಕಟ್ಟಿ ಹೊಳೆಯ ದಂಡೆಗೆ ಹೋಗಿ ಕುಳಿತಿದ್ದಾಗ, ಅದು ತಾನಾಗಿಯೇ ಬಂತು. ಎಡಗೆನ್ನೆಯ ಮೇಲೆ ಎಳ್ಳಿನಷ್ಟು ಮಚ್ಚೆ. ಹಾಲು ಕುಡಿಯುವಾಗ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ನನ್ನ ಮೇಲೆ ಕಾವಲಿಟ್ಟ ಹಾಗೆ ತೆರೆದಿರುತ್ತಿದ್ದಳು. ಆಕಳಿಸಿದರೆ ಮುಖವೆಲ್ಲ ಬಾಯಿ. ನಿದ್ದೆಯಲ್ಲಿ ನನ್ನ ತಾಳಿಯ ಕರಿಮಣಿ ಹಿಡಿದುಕೊಂಡರೆ ಬಿಡಿಸಲು ಬರುತ್ತಿರಲಿಲ್ಲ. ಹನ್ನೊಂದು ಒಳ್ಳೆಯ ದಿನಗಳು. ನಾನು ಅವಳಿಗೆ ಅಲ್ಲಿಯೇ ಹೆಸರಿಟ್ಟೆ. ಹೊಳೆಯ ಹೆಸರನ್ನೇ ಇಟ್ಟೆ, ಮಲಪ್ರಭಾ ಎಂದು. ಯಾರೂ ಇಲ್ಲದಾಗ ಒಮ್ಮೆ ಗಟ್ಟಿಯಾಗಿ ಕರೆದೆ.

ಅವಳ ಪಟ ಇಲ್ಲ. ಅವಳನ್ನು ನೋಡಿದವರಲ್ಲಿ ಈಗ ಉಳಿದಿರುವವಳು ನಾನೊಬ್ಬಳೇ. ನಿಮ್ಮ ಸೋದರತ್ತೆಯ ಹೆಸರು ಬರೆದಿರುವುದು ಈ ಹಾಳೆಗಳಲ್ಲಿ ಮಾತ್ರ. ಮನೆಯಲ್ಲಿ ಹಳೆಯ ನೋಟ್‌ಬುಕ್ಕುಗಳನ್ನು ರದ್ದಿಗೆ ಹಾಕುವಾಗ ಇದನ್ನು ಅವುಗಳ ಜೊತೆ ಹಾಕಬೇಡಿರಿ. ಮಾಳು, ನೀನು ಮರೆಯುತ್ತೀಯ, ಇದು ಅಕ್ಕನ ಹತ್ತಿರ ಇರಲಿ. ಶಿವಲೀಲಾ, ಜತನವಾಗಿ ಇಡು.